ಯಾಸ್ಮಿನಳ ಕಂಪನಿಗೆ ನಾನು ಹಾಕಿದ ಬಂಡವಾಳ

ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಸುನಂದಾ ಡಾಕ್ಟರ್‌ಬಾಯಿ ಆಸ್ಪತ್ರೆ ಎಲ್ಲಿ’ ಎಂದು ಯಾರನ್ನೇ ಕೇಳಿ, ಬಾಗಿಲ ತನಕ ತಂದು ಬಿಡುತ್ತಾರೆ. ಹದಿಮೂರು ವರ್ಷದಲ್ಲಿ ಈ ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು. ಮದುವೆ ಮನೆಗೆ ಹೋದರೆ ಮೊದಲ ಸಾಲಿನ ಕುರ್ಚಿ ಖಾಲಿ ಮಾಡಿ ಕೊಡುತ್ತಾರೆ. ಇಷ್ಟಿದ್ದೂ ಒಬ್ಬ ಹೆಂಗಸಿನ ಹೆಸರು ಕಿವಿಗೆ ಬಿದ್ದರೆ ನನ್ನ ಹೊಟ್ಟೆಯಲ್ಲಿ ಖಾರ ಕಲಸಿದಂತಾಗುತ್ತದೆ. ಅವಳು ಯಾಸ್ಮಿನ. ಇದಕ್ಕೆ ಹೊಟ್ಟೆಕಿಚ್ಚು ಎಂಬುದನ್ನು ಬಿಟ್ಟು ಬೇರೆ ಮರ್ಯಾದಸ್ಥ ಶಬ್ದ ಏನಾದರೂ ಇದೆಯೇ ಎಂದು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಐದನೆಯ ಇಯತ್ತೆಯಿಂದ ಮ್ಯಾಟ್ರಿಕ್‌ವರೆಗೆ ನಾವಿಬ್ಬರೂ ಒಂದೇ ಬೆಂಚು. ಅವಳು ಮೊದಲ ನಂಬರು, ನಾನು ಎರಡನೆಯದು. ಒಂದು ವರ್ಷ ಅವಳಿಗೆ ಕಾಮಾಲೆಯಾಗಿ ಎರಡು ತಿಂಗಳು ಶಾಲೆಗೆ ಬರಲಿಲ್ಲ. ನಾನು ದೇವರಿಗೆ ಕಾಯಿ ಒಡೆಸಿದೆ. ಅವಳು ಗುಣವಾಗಲಿ ಎಂದಲ್ಲ. ಆ ವರ್ಷವೂ ಅವಳೇ ಮೊದಲು ಬಂದಳು. ಅವಳ ಅಪ್ಪ ಯಾಕೂಬಸಾಬ ತಕ್ಕಡಿ ರಿಪೇರಿ ಮಾಡುವವನು. ನನ್ನ ಅಪ್ಪ ರೇವಪ್ಪನದು ತೊಗರಿಯ ಅಡತಿ ಅಂಗಡಿ. ವರ್ಷಕ್ಕೆರಡು ಸಲ ಯಾಕೂಬಸಾಬ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ತಕ್ಕಡಿಯ ಮುಳ್ಳು ಸರಿಮಾಡುತ್ತಿದ್ದ. ಒಮ್ಮೆ ಅಪ್ಪ ಅವನ ಕೈಗೆ ದುಡ್ಡು ಕೊಡುತ್ತ, “ನಿನ್ನ ಮಗಳಿಗೆ ಇದ್ದ ತಲಿ ನನ್ನ ಮಗಳಿಗೆ ಅರ್ಧ ಇದ್ರ ಸಾಕಿತ್ತೋ ಯಾಕೂಬಸಾಬ,” ಎಂದದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಆ ಮಾತು ಇನ್ನೂ ತೀರಿಕೊಂಡಿಲ್ಲ.

ಪಿಯುಸಿಯಲ್ಲಿ ನಾಲ್ಕು ಮಾರ್ಕಿಗೆ ಅವಳ ಮೆಡಿಕಲ್ ಸೀಟು ತಪ್ಪಿತು. ನನ್ನದು ನಲವತ್ತು ಮಾರ್ಕಿಗೆ ತಪ್ಪಿತ್ತು, ಆದರೆ ಅಪ್ಪ ಡೊನೇಶನ್ ಕಟ್ಟಿ ಸೀಟು ತಂದ. ಅವಳು ಧಾರವಾಡದಲ್ಲಿ ಎಂಎಸ್ಸಿ ಮಾಡಿ ಪುಣೆಯ ಯಾವುದೋ ಲ್ಯಾಬಿನ ಕೆಲಸಕ್ಕೆ ಹೋದಳು. ನಾನು ಡಾಕ್ಟರಾಗಿ ಊರಿಗೆ ಬಂದು ಬೋರ್ಡು ಹಾಕಿದೆ. ದುಡ್ಡು ಕೊಟ್ಟು ತಂದ ಗೆಲುವು, ಆದರೂ ಗೆಲುವೇ ಎಂದುಕೊಂಡು ಹಾಯಾಗಿದ್ದೆ.

೧೯೯೯ರಲ್ಲಿ ಅವಳು ವಾಪಸ್ ಬಂದಳು. ಜೊತೆಗೆ ಗಂಡ ಫಯಾಜ, ಫ್ರಿಜ್ ರಿಪೇರಿ ಮಾಡುವವನು. ಇಂಡಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಶೇಂಗಾ ಎಣ್ಣೆಯ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ‘ನವಚರ್ಮ ಪ್ರೈವೇಟ್ ಲಿಮಿಟೆಡ್’ ಎಂದು ಬೋರ್ಡು ಹಾಕಿದಳು. ಸೀರೆ ಅಂಗಡಿಯ ಕಸ್ತೂರೆವ್ವ ಕಾಕು, “ಅದೇನ ಸ್ನೋ-ಪೌಡರ್ ಕಂಪನಿಯೇನ?” ಎಂದು ಕೇಳಿದಾಗ ನಾನು ಬಹಳ ಜೋರಾಗಿ ನಕ್ಕೆ.

ಬೋರ್ಡು ಹಾಕಿದ ವಾರವೇ ಯಾಸ್ಮಿನ ನನ್ನ ಆಸ್ಪತ್ರೆಗೆ ಬಂದಳು. ಹೆರಿಗೆಯಾದ ಮೇಲೆ ಕೂಸಿನ ಹಿಂದೆ ಬರುವ ಮಾಸು ಇದೆಯಲ್ಲ, ಅದರ ಒಳಮೈಗೆ ಒಂದು ತೆಳು ಪೊರೆ ಇರುತ್ತದೆ, ಉಳ್ಳಾಗಡ್ಡಿಯ ಪದರಗಳ ನಡುವಿನ ಪೊರೆಯಷ್ಟು ತೆಳುವು. ಅದನ್ನು ಶುದ್ಧ ಮಾಡಿ ಸುಟ್ಟ ಗಾಯದ ಮೇಲೆ ಹಾಸಿದರೆ ಉರಿ ಇಳಿಯುತ್ತದೆ, ಅಡಿಯಲ್ಲಿ ಹೊಸ ಚರ್ಮ ಬೆಳೆಯುತ್ತದೆ. ಅವಳ ಕಂಪನಿ ಮಾಡುವುದು ಇಷ್ಟೇ. ವಿದ್ಯೆ ಹೊಸದಲ್ಲ, ದೊಡ್ಡ ಶಹರಗಳಲ್ಲಿ ಮಾಡುತ್ತಿದ್ದರು. ನಮ್ಮ ಕಡೆ ಸ್ಟೋವ್ ಸಿಡಿದು ಸುಟ್ಟುಕೊಂಡ ಹೆಂಗಸರಿಗೆ ಮಾತ್ರ ನೀಲಿ ಔಷಧಿ ಮತ್ತು ಬಾಳೆ ಎಲೆ ಬಿಟ್ಟು ಗತಿ ಇರಲಿಲ್ಲ.

“ನಿನ್ನ ದವಾಖಾನ್ಯಾಗ ತಿಂಗಳಿಗೆ ನಲವತ್ತು ಹೆರಿಗಿ ಆಗ್ತಾವ,” ಎಂದಳು. “ಮಾಸು ನನಗ ಕೊಡ ಸುನಂದಾ. ತಾಯಂದಿರ ರಕ್ತ ತಪಾಸಣಿ ಖರ್ಚು ನಂದು. ಅವರನ್ನ ಕೇಳಿ, ಅವರು ಹೂಂ ಅಂದ್ರ ಅಷ್ಟ ತಗೋತೇನಿ.”

“ನಮ್ಮ ಮಂದಿ ಮಾಸು ಮಣ್ಣಾಗ ಇಡ್ತಾರ. ನಾಯಿ ಪಾಲಾದ್ರ ಬಾಣಂತಿ ಎದಿಹಾಲು ಬತ್ತತೈತಿ ಅಂತಾರ. ನೀ ಪುಣೇದಾಗ ಇದ್ದು ಎಲ್ಲಾ ಮರ್ತಿ. ಯಾರೂ ಒಪ್ಪಂಗಿಲ್ಲ,” ಎಂದೆ.

ನಿಜ ಹೇಳಬೇಕೆಂದರೆ ನನ್ನ ಆಸ್ಪತ್ರೆಯಲ್ಲಿ ಕೇಳಿದವರಿಗೆ ಮಾತ್ರ ಮಾಸು ಕೊಡುತ್ತಿದ್ದೆವು. ಕೇಳದವರದು ಹಿತ್ತಲಿನ ತಗ್ಗಿಗೆ ಹೋಗುತ್ತಿತ್ತು. ತಗ್ಗಿಗೆ ಎಸೆಯುವುದನ್ನು ಅವಳಿಗೆ ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೂ ಕೊಡಲಿಲ್ಲ. ತಾನೂ ತಿನ್ನಳು, ತಿನ್ನುವವರಿಗೂ ಬಿಡಳು ಎನ್ನುತ್ತಾರಲ್ಲ, ಆ ಜಾತಿ ನನ್ನದು.

ಅವಳು ಮತ್ತೆ ಕೇಳಲಿಲ್ಲ. ಚಂದಪ್ಪ ಎಂಬ ನಿವೃತ್ತ ಕಂಪೌಂಡರನನ್ನು ಕೆಲಸಕ್ಕಿಟ್ಟುಕೊಂಡು, ಅವನ ಮೊಪೆಡ್ಡಿಗೆ ಐಸ್ ಡಬ್ಬಿ ಕಟ್ಟಿಸಿ ಇಂಡಿಗೆ, ಮುದ್ದೇಬಿಹಾಳಕ್ಕೆ, ಬಸವನ ಬಾಗೇವಾಡಿಗೆ ಕಳಿಸತೊಡಗಿದಳು. ಇನ್ನೂರು ಹೆಜ್ಜೆಯ ಮೇಲೆ ನನ್ನ ಆಸ್ಪತ್ರೆಯಲ್ಲೇ ಇದ್ದದ್ದನ್ನು ತರಲು ಅವನು ದಿನಕ್ಕೆ ನೂರು ಕಿಲೋಮೀಟರು ಓಡಾಡುತ್ತಿದ್ದ. ಮೊಪೆಡ್ಡು ನನ್ನ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಅದಕ್ಕೆ ಸುರಿಯುವ ಒಂದೊಂದು ಲೀಟರ್ ಪೆಟ್ರೋಲನ್ನು ನೆನೆದು ನನಗೆ ಖುಷಿಯಾಗುತ್ತಿತ್ತು.

ಖುಷಿ ಬಹಳ ದಿನ ಬಾಳಲಿಲ್ಲ. ಯಾಸ್ಮಿನ ಪದ್ಧತಿಯನ್ನು ಮರೆತಿರಲಿಲ್ಲ. ತನಗೆ ಬೇಕಾದ ಪೊರೆಯಷ್ಟನ್ನು ಬಿಡಿಸಿಕೊಂಡು, ಉಳಿದ ಮಾಸನ್ನು ಮಣ್ಣಿನ ಕುಡಿಕೆಯಲ್ಲಿಟ್ಟು, ಅರಿಷಿಣ ಬೇವಿನ ಎಲೆ ಹಾಕಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ಹೆಸರಿನ ಚೀಟಿ ಹಚ್ಚಿ ಅದೇ ದಿನ ಆ ಬಾಣಂತಿಯ ಮನೆಗೆ ಮುಟ್ಟಿಸುತ್ತಿದ್ದಳು. ಒಂದು ಕುಡಿಕೆಗೆ ನಾಲ್ಕು ರೂಪಾಯಿ ಖರ್ಚು. ಆಸ್ಪತ್ರೆಯವರು ಎಲ್ಲಿ ಎಸೆಯುತ್ತಾರೋ ಎಂದು ಒಳಗೊಳಗೇ ಅಂಜುತ್ತಿದ್ದ ಅತ್ತೆಯಂದಿರಿಗೆ ಅದು ಎಷ್ಟು ಹಿಡಿಸಿತೆಂದರೆ, ವರ್ಷ ತುಂಬುವುದರೊಳಗೆ ನನ್ನ ಹಾಸಿಗೆಯ ಮೇಲೆ ಮಲಗಿದ ಬಾಣಂತಿಯ ಅತ್ತೆ ನನ್ನನ್ನೇ ಕೇಳಿದಳು: “ಬಾಯಾರ, ನಮಗೂ ಯಾಸ್ಮಿನಕ್ಕನ ಕುಡಿಕಿ ಕೊಡಸ್ತೀರೇನ್ರಿ?”

ಆ ದಿನ ನಾನು ಊಟ ಮಾಡಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಗಂಡ ಸಿದ್ದಾರೂಢ, “ಆಸ್ಪತ್ರಿ ನಿಂದು, ಹೆರಿಗಿ ನಿಂದು, ಹೆಸರು ಮಾತ್ರ ಅಕಿದು,” ಎಂದು ಚಾಷ್ಟಿ ಮಾಡಿದ. ಚಾಷ್ಟಿ ಎಂದು ಗೊತ್ತಿದ್ದೂ ಒಂದು ವಾರ ಅವನ ಜೊತೆ ಮಾತು ಬಿಟ್ಟೆ.

ನನಗೆ ಸಮಾಧಾನ ಕೊಡುತ್ತಿದ್ದದ್ದು ಒಂದೇ ವಿಷಯ: ಅವಳ ಕಂಪನಿಯಲ್ಲಿ ದುಡ್ಡಿರಲಿಲ್ಲ. ಅದರ ಸುದ್ದಿಯನ್ನು ನಾನು ರೋಗಿಗಳ ನಾಡಿಗಿಂತ ಹೆಚ್ಚು ಲಕ್ಷ್ಯದಿಂದ ಹಿಡಿಯುತ್ತಿದ್ದೆ. ಹಸಿ ಪೊರೆ ಫ್ರಿಜ್ಜಿನಲ್ಲಿ ಒಂದು ವಾರ ತಡೆಯುತ್ತದೆ. ನಮ್ಮಲ್ಲಿ ದಿನಕ್ಕೆ ಎಂಟು ತಾಸು ಕರೆಂಟ್ ಇರುವುದಿಲ್ಲ. ಹತ್ತು ಪೊರೆ ಮಾಡಿದರೆ ಆರು ಕೆಡುತ್ತಿದ್ದವು. ಉಳಿದ ನಾಲ್ಕನ್ನು ಬಿಜಾಪುರದ ಡಾಕ್ಟರುಗಳು ‘ನೋಡೋಣ, ಪುಕ್ಕಟೆ ಕೊಡ್ರಿ’ ಎಂದು ತೆಗೆದುಕೊಳ್ಳುತ್ತಿದ್ದರು. ಗಾಯ ಮಾಯ್ದ ಮೇಲೆ ‘ಇನ್ನೊಂದು ನಾಲ್ಕು ಕಳಸ್ರಿ’ ಎನ್ನುತ್ತಿದ್ದರು, ಅದೂ ಪುಕ್ಕಟೆ. ಪುಣೆಯಿಂದ ಬಂಡವಾಳ ಹಾಕುವ ಸೇಠನೊಬ್ಬ ಕಾರಿನಲ್ಲಿ ಬಂದ. ಮೂರು ವರ್ಷದ ವ್ಯಾಪಾರದ ಲೆಕ್ಕ ತೋರಿಸಿ ಎಂದ. ಅವಳ ಕಂಪನಿಗೆ ಆಗ ಎರಡು ವರ್ಷ. ನೂರು ರೋಗಿಗಳ ದಾಖಲೆ ಇದ್ದರೆ ಬೇಡಿಕೆ ಬರುತ್ತದೆ, ದಾಖಲೆಗೆ ಮಾಲು ಬೇಕು, ಮಾಲು ಕೆಡದಿರಲು ಮಷಿನ್ ಬೇಕು, ಮಷಿನ್‌ಗೆ ದುಡ್ಡು ಬೇಕು, ದುಡ್ಡಿಗೆ ಬೇಡಿಕೆ ತೋರಿಸಬೇಕು. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಇಂಡಿಯ ಬ್ಯಾಂಕೊಂದರ ಮ್ಯಾನೇಜರ್ ಅವಳಿಗೆ ಸಾಲ ಕೊಡಲು ಮನಸ್ಸು ಮಾಡಿದ್ದ. ಆದರೆ ಅವನ ಪಟ್ಟಿಯಲ್ಲಿ ಹಿಟ್ಟಿನ ಗಿರಣಿ ಇತ್ತು, ಕೋಳಿ ಫಾರ್ಮ್ ಇತ್ತು, ಇಟ್ಟಂಗಿ ಭಟ್ಟಿ ಇತ್ತು, ಇಂಥ ಕಂಪನಿ ಇರಲಿಲ್ಲ. ಹೆಸರಿನಲ್ಲಿ ‘ಚರ್ಮ’ ಇದೆಯಲ್ಲ ಎಂದು ಅವನು ಅರ್ಜಿಯನ್ನು ತೊಗಲು ಹದ ಮಾಡುವ ಉದ್ಯೋಗದ ಖಾನೆಯಲ್ಲಿ ಹಾಕಿದ. ತಪಾಸಣೆಗೆ ಬಂದ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಳಗೆ ಬಂದು, ಸುಣ್ಣದ ತೊಟ್ಟಿ ಎಲ್ಲಿ, ಎಮ್ಮೆಯ ತೊಗಲು ಎಲ್ಲಿ ಎಂದು ಹುಡುಕಿ, ‘ಸ್ಥಳದಲ್ಲಿ ಉದ್ಯೋಗ ಕಂಡುಬರಲಿಲ್ಲ’ ಎಂದು ಬರೆದು ಹೋದ. ಯಾಸ್ಮಿನ ಇದನ್ನು ತಾನೇ ಎಲ್ಲರ ಮುಂದೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಾಲ ತಪ್ಪಿದ್ದಕ್ಕೆ ನಾನು ಖುಷಿಪಡಬೇಕಿತ್ತು. ಅವಳು ನಕ್ಕದ್ದಕ್ಕೆ ನನಗೆ ಮೈ ಉರಿಯಿತು. ನನಗೆ ಒಂದು ಸಿಸೇರಿಯನ್ ಕೈಕೊಟ್ಟರೆ ತಿಂಗಳು ನಿದ್ದೆ ಬರುವುದಿಲ್ಲ.

ಅವಳು ಆ ಬ್ಯಾಂಕಿನ ಕಥೆ ಹೇಳಿದ್ದು ಕಸ್ತೂರೆವ್ವ ಕಾಕುವಿನ ಭಿಶಿಯಲ್ಲಿ, ಅಂದರೆ ಚೀಟಿ ವ್ಯವಹಾರದಲ್ಲಿ. ಇಪ್ಪತ್ತೈದು ಹೆಂಗಸರ ಭಿಶಿ ಅದು. ತಿಂಗಳಿಗೆ ತಲಾ ನಾಲ್ಕು ಸಾವಿರ ಹಾಕಿದರೆ ಒಂದು ಲಕ್ಷ ಕೂಡುತ್ತದೆ. ಆ ಲಕ್ಷ ಯಾರಿಗೆ ಎಂಬುದಕ್ಕೆ ಸವಾಲು, ಅಂದರೆ ಹರಾಜು. ‘ನನಗೆ ಈಗಲೇ ಬೇಕು, ಇಪ್ಪತ್ತು ಸಾವಿರ ಬಿಟ್ಟುಕೊಡುತ್ತೇನೆ’ ಎಂದು ಒಬ್ಬಳು ಅಂದರೆ, ಇನ್ನೊಬ್ಬಳು ‘ನಾನು ಇಪ್ಪತ್ತೈದು ಬಿಡುತ್ತೇನೆ’ ಎನ್ನುತ್ತಾಳೆ. ಹೆಚ್ಚು ಬಿಟ್ಟವಳಿಗೆ ಭಿಶಿ, ಒಬ್ಬಳಿಗೆ ಒಂದೇ ಸಲ. ಅವಳು ಬಿಟ್ಟ ಹಣವನ್ನು ಇಪ್ಪತ್ತೈದೂ ಮಂದಿ ಸಮನಾಗಿ ಹಂಚಿಕೊಳ್ಳುತ್ತಾರೆ. ಅದನ್ನು ಲಾಭ ಎನ್ನುತ್ತಾರೆ. ಸಾಮಾನ್ಯವಾಗಿ ಸವಾಲು ಇಪ್ಪತ್ತೈದಕ್ಕೆ ನಿಲ್ಲುತ್ತದೆ, ತಲೆಗೆ ಸಾವಿರ ರೂಪಾಯಿ ಲಾಭ ಬರುತ್ತದೆ. ಅವಸರ ಇಲ್ಲದವರು ಸುಮ್ಮನೆ ಕೂತು ಕೊನೆಯ ತಿಂಗಳು ಪೂರ್ತಿ ಲಕ್ಷ ಎತ್ತುತ್ತಾರೆ. ನಾನು ಆ ಪೈಕಿ. ಹತ್ತು ತಿಂಗಳಲ್ಲಿ ಒಮ್ಮೆಯೂ ಸವಾಲಿಗೆ ಬಾಯಿ ಬಿಟ್ಟಿರಲಿಲ್ಲ.

೨೦೦೨ರ ಮಾರ್ಚ್ ತಿಂಗಳು. ಕಸ್ತೂರೆವ್ವ ಕಾಕು ಬಿಪಿ ತೋರಿಸಲು ಬಂದವಳು ತಾನಾಗಿಯೇ ಸುದ್ದಿ ತೆಗೆದಳು.

“ಯಾಸ್ಮಿನ ಒಂದು ಒಣಗಿಸೋ ಮಷಿನ್ ಹಿಡದಾಳಂತ ಪುಣೇದಾಗ. ಸೆಕೆಂಡ್ ಹ್ಯಾಂಡ್. ಅದು ಬಂದ್ರ ಪೊರಿ ಹಪ್ಪಳದಂಗ ಒಣಗಿ ಎರಡ ವರ್ಷ ಇರ್ತೈತಂತ, ಕರೆಂಟೂ ಬ್ಯಾಡ, ಫ್ರಿಜ್ಜೂ ಬ್ಯಾಡ. ಅಡ್ವಾನ್ಸ್ ಕೊಟ್ಟು ಕುಂತಾಳ. ಇನ್ನ ನಲವತ್ತೈದು ಸಾವಿರ ಕೊಡಬೇಕು. ಈ ತಿಂಗಳ ಮೂವತ್ತೊಂದರೊಳಗ ಕೊಡಲಿಲ್ಲಂದ್ರ ಮಷಿನೂ ಹೋತು, ಅಡ್ವಾನ್ಸೂ ಹೋತು.”

“ಆಮ್ಯಾಲ?”

“ಆಮ್ಯಾಲೇನ, ಮತ್ತ ಪುಣೇಕ್ಕ ನೌಕರಿಗೆ ಹೋಗ್ತಾಳಂತ. ಅದಕ್ಕ ಈ ಸಲ ಭಿಶಿ ಎತ್ತಬೇಕಂತ ಹೇಳಾಕತ್ತಿದ್ಲು.”

ಕಾಕುವಿನ ಬಿಪಿ ನೂರ ಅರವತ್ತಿತ್ತು. ನನ್ನದು ಆಗ ಎಷ್ಟಿತ್ತೋ ಯಾರೂ ನೋಡಲಿಲ್ಲ. ಅವಳು ಪುಣೆಗೆ ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೇ. ಅವಳಿಗೆ ಕೆಡುಕಾಗಲಿ ಎಂದಲ್ಲ, ದೂರದಲ್ಲಿ ಎಲ್ಲಿಯಾದರೂ ಚೆನ್ನಾಗಿರಲಿ, ನನ್ನ ಕಣ್ಣ ಮುಂದೆ ಬೇಡ. ಹಾಗೆಂದು ನನಗೆ ನಾನೇ ಹೇಳಿಕೊಂಡು ಲೆಕ್ಕ ಹಾಕಿದೆ. ಅವಳಿಗೆ ಕೈಗೆ ನಲವತ್ತೈದು ಸಾವಿರ ಬರಬೇಕು. ಅಂದರೆ ಹೆಚ್ಚೆಂದರೆ ಐವತ್ತೈದು ಸಾವಿರ ಬಿಟ್ಟಾಳು. ಅದರ ಆಚೆ ಹೋದರೆ ಭಿಶಿ ಎತ್ತಿದರೂ ಮಷಿನ್ ಬರುವುದಿಲ್ಲ.

ಎರಡನೆಯ ರವಿವಾರ ಕಸ್ತೂರೆವ್ವ ಕಾಕುವಿನ ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಿಶಿ ಕೂಡಿತು. ಚುರುಮುರಿ, ಮಿರ್ಚಿ ಭಜಿ, ಚಹಾ ಆಯಿತು. ನನ್ನ ಪಕ್ಕದಲ್ಲಿ ಬಾಲವಾಡಿ ಟೀಚರ್ ಹೊನ್ನವ್ವ ಕೂತಿದ್ದಳು. ಹೋದ ವರ್ಷ ಹೋಳಿಗೆ ಮಾಡುವಾಗ ಕುದಿಯುವ ಬೇಳೆಕಟ್ಟು ಚೆಲ್ಲಿ ಅವಳ ಮೊಮ್ಮಗಳ ಎದೆ ಸುಟ್ಟಿತ್ತು. ಮೊದಲು ನನ್ನ ಹತ್ತಿರವೇ ತಂದಿದ್ದಳು. ಮುಲಾಮು ಹಚ್ಚಿ ಬಿಜಾಪುರಕ್ಕೆ ಕಳಿಸಿದ್ದೆ. ಅಲ್ಲಿ ಯಾಸ್ಮಿನಳ ಪೊರೆ ಹಾಸಿದರು. ಈಗ ಆ ಹುಡುಗಿಯ ಎದೆಯ ಮೇಲೆ ಹುಡುಕಿದರೂ ಕಲೆ ಸಿಗುವುದಿಲ್ಲವೆಂದು ಹೊನ್ನವ್ವ ಪ್ರತಿ ತಿಂಗಳು ಭಜಿಯ ಜೊತೆ ನಮಗೆಲ್ಲ ತಿನ್ನಿಸುತ್ತಿದ್ದಳು.

“ಸವಾಲು ಸುರು ಮಾಡ್ರೆವ್ವ,” ಎಂದಳು ಕಾಕು.

“ಹದಿನೈದು,” ಎಂದಳು ಯಾಸ್ಮಿನ.

“ಇಪ್ಪತ್ತು,” ಎಂದೆ ನಾನು.

ಡಾಕ್ಟರ್‌ಬಾಯಿಗೆ ದುಡ್ಡಿನ ಅಡಚಣೆಯೇ ಎಂದು ಎಲ್ಲರೂ ತಿರುಗಿ ನೋಡಿದರು. ಯಾಸ್ಮಿನಳೂ ನೋಡಿದಳು. ಇಪ್ಪತ್ತೈದು ಎಂದಳು. ನಾನು ಇಪ್ಪತ್ತೆಂಟು ಎಂದೆ. ಅವಳು ಮೂವತ್ತು. ಮೂವತ್ತರ ಹತ್ತಿರ ನಾನು ಒಂದು ಕ್ಷಣ ತಡೆದೆ, ಅದು ನಿಜ. ಇದು ಯಾವ ಹುಚ್ಚು, ಮೂವತ್ತು ಸಾವಿರ ಸುಟ್ಟುಕೊಳ್ಳುತ್ತಿದ್ದೀಯಲ್ಲ ಎಂದು ಒಳಗಿನಿಂದ ಯಾರೋ ಅಂದರು. ಆಗಲೇ ಹೊನ್ನವ್ವ ನನ್ನ ಆಚೆ ಬಾಗಿ ಯಾಸ್ಮಿನಳ ಬೆನ್ನು ಸವರಿದಳು. ನಾನು ಮೂವತ್ತೈದು ಎಂದೆ.

“ನಲವತ್ತು.”

“ನಲವತ್ತೆರಡು.”

“ಸುನಂದಾ, ನನಗ ಭಾಳ ಗರಜು ಐತಿ,” ಎಂದಳು ಯಾಸ್ಮಿನ. ಧ್ವನಿ ಇಳಿದಿತ್ತು. “ಐವತ್ತು.”

“ಗರಜು ಎಲ್ಲಾರಿಗೂ ಇರ್ತೈತಿ. ಐವತ್ತೆರಡು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಐವತ್ತೈದು,” ಎಂದಳು, ಕೇಳಿಸಿಯೂ ಕೇಳಿಸದಂತೆ.

ನಾನು ಕಾಯುತ್ತಿದ್ದದ್ದು ಅದಕ್ಕೇ. “ಅರವತ್ತು,” ಎಂದೆ. ನನ್ನ ಧ್ವನಿ ನನಗೇ ಒದರಿದಂತೆ ಕೇಳಿಸಿತು. ಕಸ್ತೂರೆವ್ವ ಕಾಕು ಒಂದು ಸಲ, ಎರಡು ಸಲ ಎಂದು ಬಹಳ ಸಾವಕಾಶ ಎಣಿಸಿದಳು. ಮೂರನೆಯ ಸಲಕ್ಕೆ ಯಾಸ್ಮಿನ ತಲೆ ತಗ್ಗಿಸಿದಳು. ಆ ತಲೆಯನ್ನು ತಗ್ಗಿದಂತೆ ನೋಡಲು ನಾನು ಐದನೆಯ ಇಯತ್ತೆಯಿಂದ ಕಾದಿದ್ದೆ. ಲಕ್ಷದಲ್ಲಿ ನಲವತ್ತು ಸಾವಿರ ನನ್ನ ಕೈಗೆ ಬಂತು, ಅರವತ್ತು ಸಾವಿರ ಹೋಯಿತು. ಲಾಭ ಹಂಚುವುದಕ್ಕೂ ನಿಲ್ಲದೆ, ನನ್ನ ಪಾಲನ್ನು ನಾಳೆ ಕಳಿಸಿ ಎಂದು ಹೇಳಿ ಮೆಟ್ಟಿಲಿಳಿದು ಬಂದೆ. ಆ ಸಂಜೆ ಎರಡು ಹೆರಿಗೆ ಮಾಡಿಸಿದೆ. ಇಬ್ಬರು ಬಾಣಂತಿಯರ ಜೊತೆಗೂ ಎಂದಿಲ್ಲದ ಅಕ್ಕರೆಯಿಂದ ಮಾತಾಡಿದೆ.

ಮರುದಿನ ಮುಂಜಾನೆ ಹೊನ್ನವ್ವ ಒಂದು ಚೀಲ ಮೋಸಂಬಿ ಹಿಡಿದು ಆಸ್ಪತ್ರೆಗೆ ಬಂದವಳು ನನ್ನ ಎರಡೂ ಕೈ ಹಿಡಿದು ಅಳತೊಡಗಿದಳು.

“ಬಾಯಾರ, ನಿಮ್ಮ ಮನಸ್ಸು ಇಷ್ಟ ದೊಡ್ಡದೈತಿ ಅಂತ ನಮಗ ಗೊತ್ತಿರಲಿಲ್ರಿ.”

ನನಗೆ ಏನೂ ತಿಳಿಯಲಿಲ್ಲ. ಅವಳು ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದಳು. ಯಾಸ್ಮಿನ ಭಿಶಿಗೆ ಮೊದಲೇ ಮನೆಮನೆಗೆ ಹೋಗಿ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದಳಂತೆ: ಈ ತಿಂಗಳ ನಿಮ್ಮ ಲಾಭ ನನಗೆ ಕೊಡಿ, ಬದಲಿಗೆ ನನ್ನ ಕಂಪನಿಯ ಶೇರು ಬರೆದು ಕೊಡುತ್ತೇನೆ ಎಂದು. ಸಾವಿರ ರೂಪಾಯಿಯ ಮಾತು, ಹೋದರೆ ಹೋಗಲಿ ಎಂದು ಹತ್ತೊಂಬತ್ತು ಹೆಂಗಸರು ಹೂಂ ಅಂದಿದ್ದರಂತೆ.

“ನಾವು ಸಾವಿರ ಬರ್ತೈತಿ ಅನಕೊಂಡಿದ್ವಿ. ನೀವು ಅರವತ್ತಕ್ಕ ಒಯ್ದು ತಲಿಗೆ ಎರಡ ಸಾವಿರದ ನಾಕನೂರು ಮಾಡಿದ್ರಿ! ನಮ್ಮ ಹತ್ತೊಂಬತ್ತು ಮಂದಿದು, ಅಕಿದೊಂದು, ಕೂಡಿ ನಲವತ್ತೆಂಟು ಸಾವಿರ ಆತು. ಮಷಿನಿಂದ ಆತು, ಲಾರಿ ಬಾಡಿಗಿದೂ ಆತು. ನೀವಿಬ್ರೂ ಜಗ್ಗ್ಯಾಡೂದು ನೋಡಿ ನಮಗ ಮೊದಲ ಅಂಜಿಕಿ ಬಂದಿತ್ರಿ. ಆಮ್ಯಾಲ ತಿಳೀತು, ಒಂದ ಬೆಂಚಿನ ಗೆಳತ್ಯಾರು, ಮೊದಲ ಮಾತಾಡಿಕೊಂಡ ಮಾಡೀರಿ ಅಂತ. ಕೈಯೆತ್ತಿ ಕೊಟ್ರ ಅಕಿ ತಗೋತಿದ್ದಿಲ್ಲ, ಅದಕ್ಕ ಹಿಂಗ ಕೊಟ್ರಿ. ಹೌದಿಲ್ರಿ?”

ನಾನೇ ಎತ್ತಿದ ಕಲ್ಲು ನನ್ನ ಕಾಲ ಮೇಲೇ ಬಿದ್ದಂತಾಯಿತು. ಅವಳನ್ನು ಊರು ಬಿಡಿಸಲು ನಾನು ಕಳೆದುಕೊಂಡ ದುಡ್ಡು ನೇರವಾಗಿ ಅವಳ ಉಡಿಗೆ ಹೋಗಿ ಬಿದ್ದಿತ್ತು. ಇಲ್ಲ ಎನ್ನಬೇಕಿತ್ತು. ಹೊನ್ನವ್ವನ ಒದ್ದೆ ಕಣ್ಣು ನೋಡಿದೆ. “ಹೌದು,” ಎಂದೆ.

ಮುಂದೆ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸುದ್ದಿ ಊರೆಲ್ಲ ಹಬ್ಬಿತು. ಮಹಿಳಾ ಮಂಡಳದವರು ಬಂದು ಶಾಲು ಹೊದಿಸಿದರು. ದೇವರ ಹಿಪ್ಪರಗಿಯಿಂದ ಬಂದ ರೋಗಿಗಳು ಕೂಡ, “ಆ ಅರವತ್ತು ಸಾವಿರ ಕೊಟ್ಟ ಬಾಯಾರು ನೀವ ಏನ್ರಿ?” ಎಂದು ಕೈಮುಗಿದರು. ಸಿದ್ದಾರೂಢ ಮೊದಲ ಸಲ ಚಾಷ್ಟಿ ಬಿಟ್ಟು, “ನಿನ್ನ ನಾನು ತಪ್ಪು ತಿಳದಿದ್ದೆ,” ಎಂದ. ನಾಲ್ಕು ದಿನ ಕಳೆಯುವುದರೊಳಗೆ ನಾನೂ ನಂಬತೊಡಗಿದೆ. ಬಹುಶಃ ಒಳಗೊಳಗೆ ಕೊಡಬೇಕೆಂದೇ ಸವಾಲು ಏರಿಸಿರಬೇಕು, ಗೆಳತಿಯಲ್ಲವೇ, ಕರುಳು ಬಿಟ್ಟೀತೇ ಎಂದೆಲ್ಲ ಅನ್ನಿಸತೊಡಗಿತು. ಆ ನಾಲ್ಕು ದಿನ ನಾನು ಯಾಸ್ಮಿನಳ ಮೇಲೆ ಒಮ್ಮೆಯೂ ಹೊಟ್ಟೆಕಿಚ್ಚು ಪಡಲಿಲ್ಲ. ಕೊಟ್ಟವಳು ತಗೊಂಡವಳ ಮೇಲೆ ಯಾಕೆ ಕರುಬಬೇಕು?

ಐದನೆಯ ದಿನ ಮಧ್ಯಾಹ್ನ, ಹೊರರೋಗಿಗಳೆಲ್ಲ ಹೋದ ಮೇಲೆ, ಯಾಸ್ಮಿನ ಬಂದಳು. ಪುಣೆಗೆ ಹೊರಟಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಬ್ಯಾಂಕಿನ ಡ್ರಾಫ್ಟು. ನಾನು ಎದ್ದು ಕುರ್ಚಿ ಎಳೆದೆ. ಅವಳೂ ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ. ಏನು ಉತ್ತರ ಕೊಡಬೇಕೆಂದೂ ತಯಾರಿ ಮಾಡಿಕೊಂಡಿದ್ದೆ: ಇದರಾಗೇನೈತಿ, ಬಿಡ.

ಅವಳು ಕೂರಲಿಲ್ಲ.

“ಸುನಂದಾ, ನಾ ನಿನಗ ಮೋಸ ಮಾಡೇನಿ. ಅದನ್ನ ಹೇಳಿ ಹೋಗೂಣು ಅಂತ ಬಂದೆ,” ಎಂದಳು. “ನಲವತ್ತೈದು ಸಾವಿರದ ಮಾತು ನಿನ್ನ ಕಿವಿಗೆ ಬೀಳಲಿ ಅಂತ ಕಾಕುನ್ನ ಕಳಿಸಿದಾಕಿ ನಾನ. ನಾ ಭಿಶಿ ಎತ್ತೂ ಸ್ಥಿತಿಯೊಳಗ ಇರಲೇ ಇಲ್ಲ. ನನ್ನ ಭಿಶಿ ಎಂದೋ ಕಾಕುನ ಕಡೆ ಒತ್ತಿ ಇಟ್ಟೇನಿ, ಮಷಿನ್ ಅಡ್ವಾನ್ಸಿಗೆ. ಸವಾಲು ನನ್ನ ಹೆಸರಿಗೆ ನಿಂತಿದ್ರ ಬಂದ ರೊಕ್ಕ ಅಷ್ಟೂ ಕಾಕುಗ ಹೋಗತಿತ್ತು.”

“ಹಂಗಾದ್ರ ಯಾಕ ಏರಿಸಿದಿ?”

“ನೀ ಏರಸ್ತಿ ಅಂತ.”

ಹೊರಗೆ ಆಯಾ ಬಕೆಟ್ ಎಳೆಯುವ ಸಪ್ಪಳವಾಯಿತು. ನನ್ನ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತೆಂಬ ಸಿಟ್ಟಿಗಿಂತ, ಮೈಮೇಲಿದ್ದ ಶಾಲನ್ನು ಯಾರೋ ಎಳೆದುಕೊಂಡ ಸಿಟ್ಟು ಹೆಚ್ಚಿತ್ತು. ಮಂದಿ ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದರು, ನಾನು ಹೌದೆನ್ನುತ್ತಿದ್ದೆ. ಇವಳು ಬಂದು ಎಲ್ಲ ಹಾಳು ಮಾಡಿದಳು.

“ಮಂದಿ ಮುಂದ ಹೇಳಂಗಿಲ್ಲ, ಅಂಜಬ್ಯಾಡ,” ಎಂದಳು ಯಾಸ್ಮಿನ. “ಅವರು ನಿನಗ ಶಾಲು ಹೊದಿಸಲಿ. ಕಂಪನಿ ಉಳದ್ರ ನಿನ್ನ ಅರವತ್ತು ಸಾವಿರ ತಿರುಗಿ ಕೊಡ್ತೇನಿ. ಉಳೀಲಿಲ್ಲಂದ್ರ ಇಲ್ಲ, ಖರೇನ ಹೇಳ್ತೇನಿ. ಬ್ಯಾಂಕಿನವರು ನನ್ನ ನಂಬಲಿಲ್ಲ, ಪುಣೇ ಸೇಠ ನಂಬಲಿಲ್ಲ. ನನಗೂ ನಂಬಿಕಿ ಇಡಾಕ ಒಂದ ಏನರ ಬೇಕಿತ್ತು. ಈ ಊರಾಗ ಒಂದ ದಿನಾನೂ ಕಮ್ಮಿ ಆಗಲಾರದ್ದು ಅಂದ್ರ ನಿನ್ನ ಹೊಟ್ಟಿಕಿಚ್ಚ ಒಂದ.”

ಬಯ್ದಂತೆ ಹೇಳಲಿಲ್ಲ. ಬಾವಿಯಲ್ಲಿ ನೀರಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಮೂವತ್ತು ವರ್ಷ ನಾನು ಅವಳ ಒಂದೊಂದು ಹೆಜ್ಜೆಯನ್ನೂ ನೋಡುತ್ತ ಬಂದವಳು. ಅವಳು ಏನು ಮಾಡಿಯಾಳು ಎಂದು ಒಮ್ಮೆಯೂ ಸರಿಯಾಗಿ ಊಹಿಸಿರಲಿಲ್ಲ. ಅವಳು ನನ್ನನ್ನು ಒಂದು ರೂಪಾಯಿ ಹೆಚ್ಚುಕಡಿಮೆಯಾಗದಂತೆ ಅಳೆದಿದ್ದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

“ಮೂವತ್ತಕ್ಕ ನಾ ತಡದಿದ್ದೆ,” ಎಂದೆ. “ನೀ ನೋಡಿಲ್ಲ. ಅಲ್ಲಿಗೆ ಬಿಟ್ಟಬಿಡತಿದ್ದೆ.”

“ನೋಡೇನಿ. ಎದಿ ಧಸಕ್ಕಂತು. ಮೂವತ್ತಕ್ಕ ನಿಂತಿದ್ರ ಹೆಣ್ಣಮಕ್ಕಳ ಲಾಭ ಇಪ್ಪತ್ನಾಕು ಸಾವಿರ, ಅದರಾಗ ಮಷಿನ್ ಬರತಿದ್ದಿಲ್ಲ. ಕಾಕುನ ಸಾಲ ಬ್ಯಾರೆ. ಮರುದಿನಾನ ಬೋರ್ಡ್ ಇಳಸ್ತಿದ್ದೆ.”

“ಮತ್ತ ಅಷ್ಟ ಧೈರ್ಯ ಹ್ಯಾಂಗ ಮಾಡಿದಿ? ಖರೇನ ನಾ ಬಿಟ್ಟಕೊಟ್ಟಿದ್ರ?”

ಯಾಸ್ಮಿನ ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತಳು. ಅವಳ ಮುಖದಲ್ಲಿ ಗೆದ್ದ ಗುರುತು ಇರಲಿಲ್ಲ, ದಣಿವು ಇತ್ತು.

“ಬಿಟ್ಟಕೊಡಾಕಿ ನೀ ಆಗಿದ್ರ ನಾ ಸವಾಲಿಗೆ ಯಾಕ ಬರತಿದ್ದೆ ಸುನಂದಾ? ಸೀದಾ ನಿನ್ನ ಮನಿಗೆ ಬಂದು ನಲವತ್ತೈದು ಸಾವಿರ ಕೊಡ ಅಂತ ಕೇಳತಿದ್ದೆ.”

ಕೇಳಿದ್ದರೆ ಕೊಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಹೊನ್ನವ್ವನ ಮುಂದೆ ಅಷ್ಟು ಸಲೀಸಾಗಿ ಬಂದ ಸುಳ್ಳು, ಅವಳು ಕಾದು ನಿಂತರೂ, ಬರಲಿಲ್ಲ.